ಒಂದು ಕಾಲು ಕೆಂಪಗೆ ಊದಿಕೊಂಡರೆ: ಸೆಲ್ಯುಲೈಟಿಸ್ ಗುರುತಿಸುವುದು, ವಾಸಿ ಮಾಡಿಕೊಳ್ಳುವುದು, ಮತ್ತೆ ಬರದಂತೆ ನೋಡಿಕೊಳ್ಳುವುದು

ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಳ್ಳುತ್ತದೆ. ಚರ್ಮ ಬಿಗಿದು ಹೊಳೆಯುತ್ತದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಕೆಲವರಿಗೆ ಇದಕ್ಕೂ ಮೊದಲೇ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತದೆ. ಮಾಮೂಲಿ ಜ್ವರ ಅಂದುಕೊಂಡು ಒಂದು ಮಾತ್ರೆ ನುಂಗಿ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮೀನಖಂಡದ ಸುತ್ತ ಕೆಂಪು ಹರಡಿರುತ್ತದೆ. ಸೆಲ್ಯುಲೈಟಿಸ್ ಎಷ್ಟೋ ಸಲ ಬರುವುದು ಹೀಗೆಯೇ.

ಚರ್ಮದ ಒಳಪದರ ಮತ್ತು ಅದರ ಕೆಳಗಿನ ಸಡಿಲವಾದ ಅಂಗಾಂಶಕ್ಕೆ ಬ್ಯಾಕ್ಟೀರಿಯಾ ಹೊಕ್ಕಾಗ ಆಗುವ ಉರಿಯೂತ ಇದು. ಕೊಬ್ಬು, ನರ, ಸಣ್ಣ ರಕ್ತನಾಳ ಎಲ್ಲವನ್ನೂ ಜೋಡಿಸಿ ಹಿಡಿದಿರುವುದು ಈ ಅಂಗಾಂಶವೇ. ಕುರುವಾದರೆ ಕೀವು ಒಂದೇ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಸೋಂಕು ಅಕ್ಕಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಸ್ಟ್ರೆಪ್ಟೊಕಾಕಸ್, ಅದು ಬಿಟ್ಟರೆ ಸ್ಟ್ಯಾಫಿಲೊಕಾಕಸ್. ಇವೆರಡೂ ಅಪರೂಪದ ರೋಗಾಣುಗಳೇನಲ್ಲ. ಆರೋಗ್ಯವಾಗಿರುವವರ ಚರ್ಮ, ಮೂಗು, ಗಂಟಲಲ್ಲೂ ಏನೂ ತೊಂದರೆ ಕೊಡದೆ ಸುಮ್ನೆ ಇರಬಲ್ಲವು. ಚರ್ಮ ಎಲ್ಲಾದರೂ ಒಡೆದಾಗ ಮಾತ್ರ ಅವಕ್ಕೆ ಒಳಗೆ ದಾರಿ ಸಿಗುತ್ತದೆ.

ದೊಡ್ಡವರಲ್ಲಿ ಇದು ಜಾಸ್ತಿ ಬರುವುದು ಮೊಣಕಾಲಿನ ಕೆಳಗೆ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಕಾಲಿನ ಬಗ್ಗೆಯೇ ಇದೆ. ಕೈ, ಮುಖ, ಹೊಟ್ಟೆಯ ಚರ್ಮ, ಆಪರೇಷನ್ ಆದ ಜಾಗ, ಎಲ್ಲಿ ಬೇಕಾದರೂ ಬರಬಹುದು.

ಮೊದಲು ನೋಡಿ, ಮುಟ್ಟಿ, ಇನ್ನೊಂದು ಕಾಲಿಗೆ ಹೋಲಿಸಿ

ಬೆಳಕು ಚೆನ್ನಾಗಿರುವ ಕಡೆ ಕೂತು ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೈಯ ಹಿಂಬದಿಯಿಂದ ಮೊದಲು ಚೆನ್ನಾಗಿರುವ ಕಾಲು ಮುಟ್ಟಿ, ಆಮೇಲೆ ಊದಿರುವ ಕಾಲು. ಬಿಸಿಯ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಬಣ್ಣವನ್ನೇ ನೆಚ್ಚಿಕೊಳ್ಳಬೇಡಿ. ಚಿತ್ರಗಳಲ್ಲಿ ಕಾಣುವ ಹೊಳೆವ ಕೆಂಪು ಬಿಳಿ ಚರ್ಮದ ಮೇಲೆ ಕಾಣುವ ಬಣ್ಣ. ಕಂದು ಅಥವಾ ಕಪ್ಪು ಚರ್ಮದಲ್ಲಿ ಅದು ನೇರಳೆ ಮಿಶ್ರಿತ ಕಂದಾಗಿ ಕಾಣಬಹುದು, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿ ಮಾತ್ರ ಕಾಣಬಹುದು. ಅಂಥವರಿಗೆ ಬಿಸಿ, ಊತ, ಬಿಗಿತ, ನೋವು ಇವೇ ಹೆಚ್ಚು ನಂಬಬಹುದಾದ ಗುರುತುಗಳು. ಚರ್ಮದ ರಂಧ್ರಗಳು ಎದ್ದು ಕಂಡು ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಆಗಿದೆಯೇ ಅಂತಲೂ ನೋಡಿ. ತೊಡೆಸಂದಿಯಲ್ಲಿ ನೋವಿನ ಗಡ್ಡೆ ಸಿಗಬಹುದು. ಕಾಲಿನಿಂದ ಮೇಲಕ್ಕೆ ಉದ್ದನೆಯ ಕೆಂಪು ಗೆರೆ ಹೋಗಿದ್ದರೆ ಸೋಂಕು ಲಿಂಫ್ ನಾಳ (ಅಂಗಾಂಶದಲ್ಲಿ ಉಳಿದ ನೀರನ್ನು ವಾಪಸ್ ರಕ್ತಕ್ಕೆ ಒಯ್ಯುವ ಸಣ್ಣ ಕೊಳವೆ) ಹಿಡಿದಿದೆ ಎಂದು ಅರ್ಥ. ಅಂದೇ ಡಾಕ್ಟರನ್ನು ಕಾಣಬೇಕು.

ಇಲ್ಲೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಲು ಕೆಂಪಾಗಿದ್ದೆಲ್ಲ ಸೆಲ್ಯುಲೈಟಿಸ್ ಅಲ್ಲ. ಆಸ್ಪತ್ರೆಗಳಲ್ಲೂ ಇದನ್ನು ತಪ್ಪಾಗಿ ಗುರುತಿಸುವುದು ಆಗಾಗ ನಡೆಯುತ್ತದೆ. ಯಾಕೆಂದರೆ ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯೇ ಇಲ್ಲ. ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿದರೂ ನೂರರಲ್ಲಿ ಐದಾರು ಜನರಲ್ಲೂ ಬ್ಯಾಕ್ಟೀರಿಯಾ ಸಿಗುವುದು ಕಷ್ಟ. ಕಣ್ಣು, ಕೈ, ಕೇಳಿ ತಿಳಿಯುವ ವಿವರ ಇಷ್ಟರ ಮೇಲೆಯೇ ತೀರ್ಮಾನ.

ಎರಡೂ ಕಾಲು ಒಂದೇ ಸಮ ಕೆಂಪಾಗಿದ್ದರೆ ಅದು ಸೆಲ್ಯುಲೈಟಿಸ್ ಆಗಿರುವುದು ಬಹಳ ಅಪರೂಪ. ಕಾಲಿನ ರಕ್ತ ಸರಿಯಾಗಿ ಮೇಲಕ್ಕೆ ಹೋಗದೆ, ನೀರು ತುಂಬಿ, ಚರ್ಮ ಕೆರಳಿರುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ತುರಿಕೆ ಇರುತ್ತದೆ, ಚರ್ಮದ ಸಿಪ್ಪೆ ಏಳುತ್ತದೆ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮಲಗಿಕೊಂಡು ಕಾಲನ್ನು ಒಂದೆರಡು ನಿಮಿಷ ಮೇಲೆತ್ತಿ ಹಿಡಿದು ನೋಡಿ. ರಕ್ತ ನಿಂತು ಬಂದ ಕೆಂಪಾದರೆ ಮಾಸುತ್ತದೆ, ಸೆಲ್ಯುಲೈಟಿಸ್‌ನ ಕೆಂಪು ಹಾಗೇ ಉಳಿಯುತ್ತದೆ. ಇದೊಂದರಿಂದಲೇ ನಿರ್ಧಾರಕ್ಕೆ ಬರಬೇಡಿ. ಡಾಕ್ಟರಿಗೆ ಹೇಳಲು ಇದೊಂದು ಒಳ್ಳೆಯ ಸುಳಿವು, ಅಷ್ಟೆ.

ಹುಳ ಕಚ್ಚಿದ ಒಂದು ದಿನದೊಳಗೆ ಬರುವ ಊತದಲ್ಲಿ ನೋವಿಗಿಂತ ತುರಿಕೆ ಜಾಸ್ತಿಯಿದ್ದರೆ ಅದು ಅಲರ್ಜಿ ಇರಬಹುದು. ಕಾಲಿನ ಹೆಬ್ಬೆರಳ ಬುಡವೊಂದೇ ಊದಿ, ಬಟ್ಟೆ ತಾಗಿದರೂ ತಡೆಯಲಾಗದಷ್ಟು ನೋವಿದ್ದರೆ ಗೌಟ್ (ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಕೀಲುನೋವು) ಇರಬಹುದು. ಕೆಂಪು ಕಡಿಮೆ, ಊತ ಮತ್ತು ಮೀನಖಂಡದ ನೋವು ಹೆಚ್ಚು, ಜೊತೆಗೆ ಇತ್ತೀಚೆಗೆ ಆಪರೇಷನ್ನೋ, ತುಂಬಾ ದಿನ ಹಾಸಿಗೆ ಹಿಡಿದಿದ್ದೋ, ದೂರದ ಪ್ರಯಾಣವೋ ಆಗಿದ್ದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದನ್ನು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಿಂದಲೇ ತಿಳಿಯಬೇಕು, ಮನೆಯಲ್ಲಿ ಊಹಿಸುತ್ತಾ ಕೂರುವ ವಿಷಯ ಅಲ್ಲ.

ಯಾವಾಗ ಒಂದು ಗಂಟೆಯೂ ಕಾಯಬಾರದು

ಕಣ್ಣಿಗೆ ಕಾಣುವುದಕ್ಕಿಂತ ನೋವು ತುಂಬಾ ಜಾಸ್ತಿ ಇದ್ದರೆ. ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದದ್ದು ಇದು. ಚರ್ಮ ಸ್ವಲ್ಪವೇ ಕೆಂಪಾಗಿದೆ, ಆದರೆ ರೋಗಿ ನೋವಿನಿಂದ ಒದ್ದಾಡುತ್ತಿದ್ದಾರೆ ಅಂದರೆ ಸೋಂಕು ಇನ್ನೂ ಆಳಕ್ಕೆ, ಸ್ನಾಯುವಿನ ಹೊದಿಕೆಯವರೆಗೆ ಇಳಿದಿರಬಹುದು. ನೆಕ್ರೊಟೈಸಿಂಗ್ ಫ್ಯಾಸಿಟಿಸ್ ಅನ್ನುವ ಈ ಸ್ಥಿತಿಯಲ್ಲಿ ಅಂಗಾಂಶ ಗಂಟೆಗಳ ಲೆಕ್ಕದಲ್ಲಿ ಸಾಯುತ್ತಾ ಹೋಗುತ್ತದೆ. ಬರೀ ಆಂಟಿಬಯಾಟಿಕ್ ಸಾಲದು, ಸತ್ತ ಭಾಗವನ್ನು ತಕ್ಷಣ ಕೊಯ್ದು ತೆಗೆಯಬೇಕು. ಚರ್ಮ ಬೂದು ಅಥವಾ ಕಪ್ಪು ನೇರಳೆ ಬಣ್ಣಕ್ಕೆ ತಿರುಗುವುದು, ಗಾಢ ಬಣ್ಣದ ನೀರುಗುಳ್ಳೆ ಏಳುವುದು, ಒತ್ತಿದರೆ ಒಳಗೆ ಗಾಳಿ ಸೇರಿದಂತೆ ಚರಚರ ಅನ್ನುವುದು, ಮೊದಲು ನೋಯುತ್ತಿದ್ದ ಜಾಗ ಆಮೇಲೆ ಮರಗಟ್ಟುವುದು: ಇವೆಲ್ಲ ಅದರದೇ ಸೂಚನೆ. ನೋವು ಕಡಿಮೆಯಾಯಿತು ಅಂತ ಸಮಾಧಾನ ಪಡಬೇಡಿ. ಅಲ್ಲಿನ ನರ ಸತ್ತಿರಬಹುದು.

ಸೋಂಕು ರಕ್ತಕ್ಕೆ ಸೇರಿ ಇಡೀ ದೇಹ ಕುಸಿಯುತ್ತಿದ್ದರೆ ಗುರುತು ಬೇರೆ. ಮಾತು ತಡವರಿಸುವುದು, ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಏದುಸಿರು, ಮೂತ್ರ ಬಹಳ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಗೊಂದಲ ಕಾಣಿಸಬಹುದು. ಇದರಲ್ಲಿ ಯಾವುದೇ ಒಂದಿದ್ದರೂ ಸೀದಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ಕಣ್ಣಿನ ಸುತ್ತ ಊತ ಬಂದರೆ, ಅದರಲ್ಲೂ ಮಕ್ಕಳಿಗೆ, ಎಷ್ಟೇ ಸಣ್ಣದಾಗಿ ಕಂಡರೂ ಅಂದೇ ತೋರಿಸಬೇಕು. ರೆಪ್ಪೆಯಷ್ಟೇ ಊದಿದ್ದರೆ ಸಾಮಾನ್ಯವಾಗಿ ಬೇಗ ವಾಸಿಯಾಗುತ್ತದೆ. ಆದರೆ ಕಣ್ಣು ಹೊರಳಿಸುವಾಗ ನೋವು, ಗುಡ್ಡೆ ಮುಂದಕ್ಕೆ ಬಂದಂತೆ ಕಾಣುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು ಇದ್ದರೆ ಸೋಂಕು ಕಣ್ಣಿನ ಗುಳಿಯೊಳಗೆ ಹೋಗಿದೆ. ದೃಷ್ಟಿಯೇ ಹೋಗುವ ಅಪಾಯವಿರುವ ತುರ್ತು ಪರಿಸ್ಥಿತಿ ಇದು.

ಇನ್ನು ಸಕ್ಕರೆ ಕಾಯಿಲೆ ಇರುವವರು, ಕಿಮೊಥೆರಪಿ ತಗೊಳ್ಳುತ್ತಿರುವವರು, ಸ್ಟೀರಾಯ್ಡ್ ನುಂಗುತ್ತಿರುವವರು, ಲಿವರ್ ಕಾಯಿಲೆ ಇರುವವರು "ನಾಳೆ ನೋಡೋಣ" ಅನ್ನದಿರುವುದು ಒಳ್ಳೆಯದು. ಲಿವರ್ ಕೆಟ್ಟಿರುವವರ ಗಾಯಕ್ಕೆ ಸಮುದ್ರದ ನೀರು ತಾಗಿದ ಮೇಲೆ ಊತ ಬಂದರೆ ಇನ್ನೂ ಬೇಗ ಹೋಗಿ. ಉಪ್ಪುನೀರಿನಲ್ಲಿರುವ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಅಂಥವರಿಗೆ ತುಂಬಾ ಅಪಾಯಕಾರಿ.

ಪೆನ್ ತಗೊಂಡು ಗೆರೆ ಎಳೆಯಿರಿ

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರ ಹತ್ತಿರ ಹೊರಡುವ ಮುಂಚೆಯೇ, ಕೆಂಪಿನ ಅಂಚಿನ ಸುತ್ತ ಬಾಲ್ ಪೆನ್ನಲ್ಲೋ ಮಾರ್ಕರ್‌ನಲ್ಲೋ ಗೆರೆ ಎಳೆಯಿರಿ. ಪಕ್ಕದಲ್ಲೇ ಚರ್ಮದ ಮೇಲೆ ತಾರೀಕು, ಗಂಟೆ ಬರೆಯಿರಿ. ಅಂಚು ಮಬ್ಬಾಗಿದ್ದರೆ ಬಿಸಿ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಎಳೆದರಾಯಿತು.

ಆಮೇಲೆ ಫೋಟೊ ತೆಗೆಯಿರಿ. ಪ್ರತಿ ಸಲವೂ ಅದೇ ಬೆಳಕು, ಅದೇ ದೂರ, ಕಾಲು ಅದೇ ರೀತಿ ಇಟ್ಟಿರಬೇಕು. ಇಲ್ಲದಿದ್ದರೆ ಎರಡು ಫೋಟೊ ಹೋಲಿಸಿ ಏನೂ ಹೇಳಲಾಗುವುದಿಲ್ಲ. ಟೇಪ್ ಇದ್ದರೆ ಮೀನಖಂಡದ ಸುತ್ತಳತೆಯನ್ನೂ ಬರೆದಿಡಿ. ಟೇಪ್ ಇಟ್ಟ ಜಾಗದಲ್ಲಿ ಒಂದು ಚುಕ್ಕೆ ಹಾಕಿದರೆ ಮರುದಿನವೂ ಅಲ್ಲೇ ಅಳೆಯಬಹುದು. ಜ್ವರ ಎಷ್ಟಿದೆ ಅನ್ನುವುದನ್ನೂ ಗಂಟೆಯ ಜೊತೆಗೆ ಬರೆಯಿರಿ.

"ನಿನ್ನೆಗಿಂತ ಜಾಸ್ತಿ ಆದಂಗಿದೆ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ? "ರಾತ್ರಿ 9 ಗಂಟೆಗೆ ಗೆರೆ ಇಲ್ಲಿತ್ತು, ಬೆಳಿಗ್ಗೆ 6ಕ್ಕೆ ನಾಲ್ಕು ಬೆರಳು ಮೇಲೆ ಹೋಗಿದೆ" ಅಂದರೆ ಬೇರೆಯೇ ಮಾತು. ಕೆಂಪು ಒಂದೆರಡು ಗಂಟೆಯಲ್ಲೇ ಗೆರೆ ದಾಟಿ ಓಡುತ್ತಿದ್ದರೆ ಮೇಲೆ ಹೇಳಿದ ತುರ್ತು ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ.

ಡಾಕ್ಟರನ್ನು ಕಾಣುವ ಮುಂಚೆ ಏನು ಮಾಡಬಾರದು

ಹಿಂದೆ ಯಾವಾಗಲೋ ಉಳಿದ ಆಂಟಿಬಯಾಟಿಕ್ ಎರಡು ಮಾತ್ರೆ ನುಂಗಬೇಡಿ. ಅದು ಈ ಬ್ಯಾಕ್ಟೀರಿಯಾಕ್ಕೆ ಆಗಿಬರುವ ಔಷಧವೇ ಅಂತ ಹೇಳಲಾಗದು. ಅರ್ಧಂಬರ್ಧ ತಗೊಂಡರೆ ರೋಗದ ಚಹರೆ ಬದಲಾಗಿ ಗುರುತಿಸುವುದು ಕಷ್ಟವಾಗುತ್ತದೆ. ತುರಿಕೆಗೆ ಅಂತ ತಂದಿಟ್ಟ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ. ಸೂಜಿ ಚುಚ್ಚಿ ಕೀವು ತೆಗೆಯಲು ಹೋಗಬೇಡಿ. ಸೆಲ್ಯುಲೈಟಿಸ್‌ನಲ್ಲಿ ಹೆಚ್ಚಾಗಿ ತೆಗೆಯಲು ಕೀವೇ ಇರುವುದಿಲ್ಲ. ಕಟ್ಟಿಕೊಂಡ ಕೀವಿದ್ದರೆ ಅದನ್ನು ಡಾಕ್ಟರೇ ಕೊಯ್ದು ತೆಗೆಯಬೇಕು, ಆಗ ಬರೀ ಮಾತ್ರೆಯಿಂದ ಗುಣವಾಗದು. ಊತ ಇಳಿಯಲಿ ಅಂತ ತಿಕ್ಕುವುದು, ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ.

ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್ ಥರದ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಅವು ಕಿಡ್ನಿಗೆ ಹೊರೆಯಾಗಬಹುದು. ಒಳಗೆ ಸೋಂಕು ಜೋರಾಗುತ್ತಿದ್ದರೂ ಮೇಲಿನ ನೋವು, ಊತ ಮರೆಮಾಚಬಹುದು.

ಡಾಕ್ಟರು ಕೇಳದಿದ್ದರೂ ನೀವೇ ಅವರಿಗೆ ಹೇಳಬೇಕಾದ ಕೆಲವು ವಿಷಯಗಳಿವೆ. ಪೆನಿಸಿಲಿನ್ ಅಥವಾ ಬೇರೆ ಯಾವುದೇ ಔಷಧ ಆಗಿಬರುವುದಿಲ್ಲವೇ, ಆಗಿಬರದಿದ್ದರೆ ಏನಾಯಿತು (ಬರೀ ಹೊಟ್ಟೆ ಕೆಟ್ಟಿತೋ, ಮೈಯೆಲ್ಲ ದದ್ದು ಬಂದು ಉಸಿರು ಕಟ್ಟಿತೋ). ನಾಯಿ, ಬೆಕ್ಕು ಅಥವಾ ಮನುಷ್ಯರು ಕಚ್ಚಿದ್ದಾ. ಕೆರೆ, ಹೊಳೆ, ಸಮುದ್ರದ ನೀರು ಗಾಯಕ್ಕೆ ತಾಗಿತ್ತಾ. ಈ ಮುಂಚೆ ಅದೇ ಕಾಲಿಗೆ ಹೀಗೆ ಆಗಿತ್ತಾ. ಬಸುರಿಯೇ, ಕಿಡ್ನಿ ತೊಂದರೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದೀರೇ. ಕಚ್ಚಿದ ಗಾಯ ಮತ್ತು ನೀರಿನ ವಿಷಯ ಮರೆತರೆ ತೊಂದರೆ. ಅಲ್ಲಿಂದ ಬರುವ ಬ್ಯಾಕ್ಟೀರಿಯಾಗಳೇ ಬೇರೆ, ಔಷಧವೂ ಬೇರೆ. ಬೆಕ್ಕಿನ ಹಲ್ಲು ಸಣ್ಣದು, ಗಾಯ ಚುಕ್ಕೆಯಂತೆ ಕಾಣುತ್ತದೆ, ಆದರೆ ಅದು ಆಳಕ್ಕೆ ಇಳಿದಿರುತ್ತದೆ. ಪ್ರಾಣಿ ಕಚ್ಚಿದ್ದರೆ ರೇಬೀಸ್ ಲಸಿಕೆಯ ಮಾತನ್ನೂ ಆಗಲೇ ಎತ್ತಿ.

ಔಷಧ ಶುರುವಾದ ಮೊದಲ ಮೂರು ದಿನ

ಹೆಚ್ಚಿನವರಿಗೆ ಮಾತ್ರೆಯೇ ಸಾಕಾಗುತ್ತದೆ. ಜ್ವರ ಜೋರಿದ್ದರೆ, ವಾಂತಿಯಾಗುತ್ತಿದ್ದರೆ, ಮಾತ್ರೆಗೆ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಸಿರೆಯ ಮೂಲಕ ಕೊಡುತ್ತಾರೆ.

ಜನ ಗಾಬರಿಯಾಗುವುದು ಮೊದಲ ಒಂದೆರಡು ದಿನದಲ್ಲಿ. ಔಷಧ ಶುರುವಾಗಿದೆ, ಆದರೂ ಕೆಂಪು ಪೆನ್ನಿನ ಗೆರೆಯನ್ನು ದಾಟಿ ಸ್ವಲ್ಪ ಹರಡುತ್ತದೆ. ಇದು ಆಗಬಹುದಾದದ್ದೇ. ಬ್ಯಾಕ್ಟೀರಿಯಾ ಸಾಯುವಾಗ ಬಿಡುಗಡೆಯಾಗುವ ವಸ್ತುಗಳು ಉರಿಯೂತವನ್ನು ತಾತ್ಕಾಲಿಕವಾಗಿ ಹೆಚ್ಚಿಸುತ್ತವೆ. ಹಾಗಾದರೆ ಔಷಧ ಕೆಲಸ ಮಾಡುತ್ತಿದೆ ಅಂತ ತಿಳಿಯುವುದು ಹೇಗೆ? ಜ್ವರ ನೋಡಿ. ಹಸಿವು ನೋಡಿ. ನೋವು ನೋಡಿ. ಸಾಮಾನ್ಯವಾಗಿ ಮೊದಲು ಇಳಿಯುವುದು ಜ್ವರ, ಆಮೇಲೆ ನೋವು, ಕೊನೆಗೆ ಕೆಂಪು ಮತ್ತು ಊತ. ಜ್ವರ ಇಳಿದು ರೋಗಿ ಎದ್ದು ಕೂತು ಮಾತಾಡುತ್ತಿದ್ದರೆ, ಕೆಂಪು ಒಂದು ಬೆರಳು ಮೇಲೆ ಹೋದರೂ ಭಯಪಡಬೇಕಿಲ್ಲ. 48 ರಿಂದ 72 ಗಂಟೆಯಾದರೂ ಜ್ವರ ಬಿಡದಿದ್ದರೆ, ನೋವು ಏರುತ್ತಲೇ ಇದ್ದರೆ ವಾಪಸ್ ಹೋಗಿ ತೋರಿಸಿ. ಔಷಧ ಬದಲಿಸಬೇಕಾಗಬಹುದು, ಒಳಗೆ ಕೀವು ಕಟ್ಟಿರಬಹುದು, ರೋಗವೇ ಬೇರೆ ಇರಬಹುದು. ನಡುವೆ ಮೇಲೆ ಹೇಳಿದ ತುರ್ತು ಗುರುತು ಕಂಡರೆ ಮಾತ್ರ ಈ ಲೆಕ್ಕ ನೋಡುತ್ತಾ ಕಾಯಬೇಡಿ.

ಚೇತರಿಕೆ ಸರಿಯಾಗಿದ್ದರೆ ಐದರಿಂದ ಏಳು ದಿನದ ಔಷಧ ಸಾಮಾನ್ಯವಾಗಿ ಸಾಕು. ಮೂರನೇ ದಿನ ಹುಷಾರಾಯಿತು ಅಂತ ನೀವೇ ನಿಲ್ಲಿಸಬೇಡಿ. ಹಾಗೆಯೇ ಕೆಂಪು ಪೂರ್ತಿ ಹೋಗಲಿ ಅಂತ ನೀವೇ ಮುಂದುವರಿಸಲೂ ಬೇಡಿ. ಸೋಂಕು ಸತ್ತ ಮೇಲೂ ಚರ್ಮದ ಬಣ್ಣ, ಊತ ಕೆಲವು ವಾರ ಉಳಿಯುತ್ತದೆ. ಸಿಪ್ಪೆ ಏಳುತ್ತದೆ, ತುರಿಸುತ್ತದೆ. ಅದಕ್ಕೆ ಬೇಕಾದದ್ದು ತೇವ ಹಿಡಿಯುವ ಕ್ರೀಮ್.

ಕಾಲು ಮೇಲೆ ಇಡುವುದೂ ಔಷಧವೇ

ಸುಲಭವಾದದ್ದು ಅಂತಲೋ ಏನೋ, ಇದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ಊದಿದ ಕಾಲಿನಲ್ಲಿ ನಿಂತ ನೀರು ಸೋಂಕು ಇಳಿಯುವುದನ್ನು ತಡ ಮಾಡುತ್ತದೆ. ಕಾಲು ಎತ್ತರದಲ್ಲಿದ್ದರೆ ಅದು ತಾನಾಗಿ ಇಳಿದು ಹೋಗುತ್ತದೆ. ಎತ್ತರ ಅಂದರೆ ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲ್ ಮೇಲೆ ಕಾಲಿಡುವುದಲ್ಲ. ಮಲಗಿದಾಗ ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಮೀನಖಂಡದ ಉದ್ದಕ್ಕೂ ದಿಂಬು ಕೊಡಿ, ಹಿಮ್ಮಡಿಯೊಂದೇ ಭಾರ ಹೊರದಿರಲಿ. ಕೈಗೆ ಬಂದಿದ್ದರೆ ಕೈಯನ್ನೂ ಹೀಗೇ ಎತ್ತರದಲ್ಲಿಡಿ. ಆಗಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ. ಮನೆಯೊಳಗೆ ಸ್ವಲ್ಪ ಓಡಾಡಿ, ಪೂರ್ತಿ ಅಲುಗಾಡದೆ ಮಲಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ.

ಬಾಗಿಲು ಎಲ್ಲಿತ್ತು ಹುಡುಕಿ

ಈ ಸಲದ ಸೋಂಕು ಔಷಧದಿಂದ ಹೋಗುತ್ತದೆ. ಮುಂದಿನ ಸಲ ಬರುತ್ತದೋ ಇಲ್ಲವೋ ಅನ್ನುವುದು ಬ್ಯಾಕ್ಟೀರಿಯಾ ಒಳಗೆ ಬಂದ ಜಾಗ ಮುಚ್ಚಿದಿರೋ ಇಲ್ಲವೋ ಅನ್ನುವುದರ ಮೇಲಿದೆ. ಒಮ್ಮೆ ಸೆಲ್ಯುಲೈಟಿಸ್ ಬಂದರೆ ಅಲ್ಲಿನ ಲಿಂಫ್ ನಾಳಗಳಿಗೆ ಏಟಾಗಿರುತ್ತದೆ. ಹಾಗಾಗಿ ಊತ ಸ್ವಲ್ಪ ಉಳಿಯುತ್ತದೆ. ಊತ ಉಳಿದ ಕಾಲಿಗೆ ಸೋಂಕು ಸಲೀಸು. ಸೋಂಕು ಬಂದರೆ ನಾಳಕ್ಕೆ ಮತ್ತಷ್ಟು ಏಟು. ಈ ಸುತ್ತು ಇಲ್ಲೇ ಮುರಿಯಬೇಕು.

ಮೊದಲು ಕಾಲ್ಬೆರಳ ಸಂದಿ ನೋಡಿ. ಒಂದೊಂದೇ ಬೆರಳು ಅಗಲಿಸಿ, ಕೊನೆಯ ಎರಡು ಬೆರಳ ನಡುವೆ ವಿಶೇಷವಾಗಿ. ಚರ್ಮ ಬೆಳ್ಳಗೆ ಮೆತ್ತಗಾಗಿ ಸೀಳಿದ್ದರೆ ಅದು ಹೆಚ್ಚಾಗಿ ಫಂಗಸ್. ನೋವಿರುವುದಿಲ್ಲ, ಕೆಲವರಿಗೆ ತುರಿಕೆಯೂ ಇರುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಕಾಲಿನ ಸೆಲ್ಯುಲೈಟಿಸ್‌ಗೆ ತೀರಾ ಸಾಮಾನ್ಯವಾದ ದಾರಿಗಳಲ್ಲಿ ಇದೊಂದು. ಟರ್ಬಿನಾಫಿನ್ ಅಥವಾ ಕ್ಲೊಟ್ರಿಮಜೋಲ್ ಕ್ರೀಮ್ ಹಚ್ಚಬೇಕು. ಎಷ್ಟು ದಿನ ಅಂತ ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಕ್ಲೊಟ್ರಿಮಜೋಲ್ ಆದರೆ ಚರ್ಮ ಸರಿಯಾದಂತೆ ಕಂಡ ಮೇಲೂ ಕೆಲ ದಿನ ಮುಂದುವರಿಸಬೇಕಾಗುತ್ತದೆ. ಸ್ನಾನವಾದ ಮೇಲೆ ಬೆರಳ ಸಂದಿಯನ್ನು ಒತ್ತಿ ಒರೆಸಿ ಒಣಗಿಸುವುದು ಕ್ರೀಮ್‌ನಷ್ಟೇ ಮುಖ್ಯ. ಒದ್ದೆ ಸಾಕ್ಸ್ ಹಾಕಿಕೊಂಡು ದಿನ ಕಳೆಯಬೇಡಿ.

ಆಮೇಲೆ ಒಡೆದ ಹಿಮ್ಮಡಿ, ಒಳಕ್ಕೆ ಬೆಳೆದ ಉಗುರು, ಎಕ್ಸಿಮಾ (ಇಸುಬು), ಕೆರೆದುಕೊಂಡ ಹುಳದ ಕಡಿತ, ಶೂ ಉಜ್ಜಿದ ಜಾಗ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಗಾಯವಾಗಿದ್ದೇ ಗೊತ್ತಾಗುವುದಿಲ್ಲ. ಅವರು ದಿನವೂ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುವುದು ಒಳ್ಳೆಯದು.

ಮತ್ತೆ ಮತ್ತೆ ಬರುತ್ತಿದ್ದರೆ

ಕಾಲಿನ ಊತ ಖಾಯಂ ಆಗಿದ್ದರೆ ಅದಕ್ಕೇ ಚಿಕಿತ್ಸೆ ಬೇಕು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಪ್ರಯೋಗ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕಾಲಿನಲ್ಲಿ ಬಿಡದ ಊತ ಇದ್ದು, ಪದೇ ಪದೇ ಸೆಲ್ಯುಲೈಟಿಸ್ ಬರುತ್ತಿದ್ದ 84 ಜನರನ್ನು ಅದಕ್ಕೆ ಸೇರಿಸಿಕೊಂಡಿದ್ದರು. ಒತ್ತಡದ ಸ್ಟಾಕಿಂಗ್ ಹಾಕಿದವರಲ್ಲಿ ಶೇ. 15 ಜನರಿಗೆ, ಹಾಕದವರಲ್ಲಿ ಶೇ. 40 ಜನರಿಗೆ ಮತ್ತೆ ಸೋಂಕು ಬಂತು. ಒಂದು ಜೊತೆ ಬಿಗಿ ಕಾಲುಚೀಲದಿಂದ ಇಷ್ಟು ವ್ಯತ್ಯಾಸ! ಆದರೆ ಸೋಂಕು ಜೋರಿರುವಾಗ ಇದನ್ನು ನೀವೇ ಹಾಕಿಕೊಳ್ಳಬೇಡಿ. ಕಾಲಿಗೆ ರಕ್ತ ತರುವ ನಾಳ ಕಟ್ಟಿಕೊಂಡಿದ್ದರೆ ಒತ್ತಡದಿಂದ ಹಾನಿಯೇ ಆಗುತ್ತದೆ. ಡಾಕ್ಟರು ಪಾದದ ನಾಡಿ ನೋಡಿ, ಅಳತೆ ತೆಗೆದು ಹೇಳಿದ ಮೇಲೆಯೇ ಹಾಕಬೇಕು.

ಆನೆಕಾಲು ರೋಗದಿಂದಲೋ, ಕ್ಯಾನ್ಸರ್ ಆಪರೇಷನ್‌ನಲ್ಲಿ ಲಿಂಫ್ ಗಂಟು ತೆಗೆದದ್ದರಿಂದಲೋ ಊತ ಇರುವವರು ದಿನಾ ಸೋಪು, ನೀರಿನಿಂದ ತೊಳೆದು, ಮಡಿಕೆ ಮಡಿಕೆಯನ್ನೂ ಒಣಗಿಸಿ, ಸಣ್ಣ ಗಾಯವಿದ್ದರೆ ಅಂದೇ ಔಷಧ ಹಚ್ಚಬೇಕು. ಕೇಳಲು ಸಪ್ಪೆ ಅನಿಸುತ್ತದೆ. ಆದರೆ ಆನೆಕಾಲು ಇರುವವರ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

ಇಷ್ಟೆಲ್ಲ ಮಾಡಿದರೂ ಬರುತ್ತಿದ್ದರೆ ದಿನವೂ ಕಡಿಮೆ ಪ್ರಮಾಣದ ಪೆನಿಸಿಲಿನ್ ಕೊಡುವ ದಾರಿ ಇದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಎರಡು ಅಥವಾ ಹೆಚ್ಚು ಸಲ ಸೆಲ್ಯುಲೈಟಿಸ್ ಬಂದಿದ್ದ 274 ಜನರ ಮೇಲೆ ನಡೆದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಒಂದು ವರ್ಷ ಪೆನಿಸಿಲಿನ್ ತಗೊಂಡ ಅವಧಿಯಲ್ಲಿ ಶೇ. 22 ಜನರಿಗೆ ಮರುಕಳಿಸಿತು. ಹೋಲಿಕೆಗೆ ಅಂತ ಕೊಟ್ಟ, ಔಷಧವೇ ಇಲ್ಲದ ಸಪ್ಪೆ ಮಾತ್ರೆ ತಗೊಂಡವರಲ್ಲಿ ಅದು ಶೇ. 37. ಔಷಧ ನಿಲ್ಲಿಸಿದ ಮೇಲೆ ಲಾಭ ಕರಗುತ್ತಾ ಹೋಯಿತು. ಅದಕ್ಕೇ ಬೆರಳ ಸಂದಿ, ಊತ ಎರಡನ್ನೂ ಸರಿಮಾಡದೆ ಸೀದಾ ಇದಕ್ಕೆ ಕೈ ಹಾಕುವುದರಲ್ಲಿ ಅರ್ಥವಿಲ್ಲ.

ಹೊಸ ಗಾಯವಾದಾಗ

ಹರಿಯುವ ನೀರಿನಲ್ಲಿ ಕೆಲವು ನಿಮಿಷ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಹಾಕಿ. ಮಣ್ಣು, ಚೂರು ಇದ್ದರೆ ತೆಗೆಯಿರಿ, ಆಳಕ್ಕೆ ಹೋಗಿದ್ದರೆ ಮುಟ್ಟಬೇಡಿ. ಪುಡಿ, ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಸ್ವಚ್ಛವಾದ ಪಟ್ಟಿಯಿಂದ ಮುಚ್ಚಿ. ಪಟ್ಟಿ ಒದ್ದೆಯಾದಾಗ, ಕೊಳೆಯಾದಾಗ ಬದಲಿಸಿ. ಕೊಳಕು ಗಾಯವಾಗಿದ್ದು ಕೊನೆಯ ಟೆಟನಸ್ ಲಸಿಕೆ ತಗೊಂಡು ಐದು ವರ್ಷ ದಾಟಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ. ಸಣ್ಣ, ಸ್ವಚ್ಛ ಗಾಯವಾದರೆ ಹತ್ತು ವರ್ಷದ ಲೆಕ್ಕ. ಮುಂದಿನ ಎರಡು ಮೂರು ದಿನ ಗಾಯದ ಸುತ್ತ ಬಿಸಿ, ಊತ ಹೆಚ್ಚುತ್ತಿದೆಯೇ ಅಂತ ದಿನಕ್ಕೆರಡು ಸಲ ಮುಟ್ಟಿ ನೋಡಿ. ಹೆಚ್ಚುತ್ತಿದ್ದರೆ ಪೆನ್ ಹುಡುಕಿ, ಗೆರೆ ಎಳೆದು, ಡಾಕ್ಟರ ಹತ್ತಿರ ಹೊರಡಿ.